ಆಳವಿಲ್ಲದ ಸಣ್ಣ ಸರೋವರದಲ್ಲಿ ವಾಲೈ ಮತ್ತು ಪರ್ಚ್ ಹಿಡಿಯುವ ಬಗೆ

ಅಮೆರಿಕದ ಮಿನ್ನೆಸೋಟ ರಾಜ್ಯದ ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿ, ಮೆಕ್ಕೆಜೋಳ ಮತ್ತು ಸೋಯಾ ಹೊಲಗಳ ನಡುವೆ, ಎಲ್ಲಿ ಅಳೆದರೂ 15 ಅಡಿಗಿಂತ ಹೆಚ್ಚು ಆಳ ಸಿಗದ ಸರೋವರಗಳು ಬಹಳಷ್ಟಿವೆ. ಮರ್ರೆ ಕೌಂಟಿಯ ಶೆಟೆಕ್ ಸರೋವರ ರಾಜ್ಯದ ನೈರುತ್ಯ ಭಾಗದಲ್ಲೇ ದೊಡ್ಡದು. ಅದರ ಹರವು 3,500 ಎಕರೆಗೆ ಸಮೀಪವಾದರೂ ಆಳ ಹೆಚ್ಚೆಂದರೆ ಸುಮಾರು 10 ಅಡಿ. ಉಳಿದವುಗಳಲ್ಲಿ ಹೆಚ್ಚಿನವು ಕೆಲವೇ ನೂರು ಎಕರೆಯವು. ಗಾಳ ಹಾಕುವ ಹವ್ಯಾಸಿಗಳು ಸಾಮಾನ್ಯವಾಗಿ ಇವನ್ನು ದಾಟಿಕೊಂಡು ಉತ್ತರದ ಮಿಲ್ ಲ್ಯಾಕ್ಸ್, ಲೀಚ್ ಲೇಕ್‌ಗಳ ಕಡೆಗೆ ಹೋಗುತ್ತಾರೆ. ಟ್ವಿನ್ ಸಿಟೀಸ್ ಎನ್ನುವ ಮಿನ್ನಿಯಾಪೊಲಿಸ್-ಸೇಂಟ್ ಪಾಲ್‌ನಲ್ಲೋ ರಾಚೆಸ್ಟರ್‌ನಲ್ಲೋ ನೆಲೆಸಿರುವ ಕನ್ನಡಿಗರಿಗೆ, ಅದರಲ್ಲೂ ಊರಿನ ಕೆರೆಯ ಏರಿಯ ಮೇಲೆ ಕುಳಿತು ಗಾಳ ಹಾಕಿ ಬೆಳೆದವರಿಗೆ, ಈ ಸಣ್ಣ ಸರೋವರಗಳೇ ಹೆಚ್ಚು ಒಗ್ಗುತ್ತವೆ ಎಂಬುದು ನನ್ನ ಅಭಿಪ್ರಾಯ. ದೊಡ್ಡ ದೋಣಿಯೂ ದುಬಾರಿ ಉಪಕರಣಗಳೂ ಇಲ್ಲದೆ, ದಡದಲ್ಲಿ ನಿಂತೇ ಇಲ್ಲಿ ವಾಲೈ ಎಂಬ ಸಿಹಿನೀರಿನ ಮೀನನ್ನೂ ಅದಕ್ಕಿಂತ ಸಣ್ಣದಾದ ಪರ್ಚ್ ಮೀನನ್ನೂ ಹಿಡಿಯಬಹುದು.

ಆದರೆ ವಾಲೈ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಆಳದ ಸರೋವರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಬೇಸಿಗೆಯಲ್ಲಿ ಮೀನು 25 ಅಡಿ ಆಳಕ್ಕೆ ಇಳಿಯುತ್ತದೆ, ತಳದ ದಿಬ್ಬಗಳನ್ನು ಹುಡುಕಬೇಕು, ತಣ್ಣೀರಿನ ಪದರದ ಅಂಚಿನಲ್ಲಿ ಗಾಳ ನಿಲ್ಲಿಸಬೇಕು ಎಂಬಂಥ ಮಾತುಗಳಿಗೆ 8 ಅಡಿ ನೀರಿನಲ್ಲಿ ಅರ್ಥವಿಲ್ಲ. ಇಲ್ಲಿ ಗಾಳಿ ಬೀಸಿದಾಗಲೆಲ್ಲ ನೀರು ತಳದವರೆಗೆ ಕಲಕಿಹೋಗುವುದರಿಂದ ತಣ್ಣನೆಯ ಪದರ ನಿಲ್ಲುವುದೇ ಇಲ್ಲ, ಮೀನಿಗೆ ಇಳಿದು ಅಡಗಲು ಆಳವೂ ಇಲ್ಲ. ಆಳದ ಬದಲು ಗಾಳಿ, ಬೆಳಕು ಮತ್ತು ಜಲಸಸ್ಯಗಳ ಅಂಚು, ಈ ಮೂರನ್ನು ನೋಡಿ ಜಾಗ ಆರಿಸಿಕೊಳ್ಳುವುದು ಇಲ್ಲಿನ ರೀತಿ.

ಮೊದಲು ಸರೋವರದ ಚರಿತ್ರೆ ನೋಡಿ

ಆಳವಿಲ್ಲದ ಸರೋವರದಲ್ಲಿ ಈ ವರ್ಷ ಇದ್ದ ಮೀನು ಮುಂದಿನ ವರ್ಷವೂ ಇರುತ್ತದೆ ಎಂಬ ಭರವಸೆ ಇಲ್ಲ. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ದಪ್ಪ ಹಿಮ ಕುಳಿತರೆ ಬೆಳಕು ಒಳಗೆ ಇಳಿಯುವುದಿಲ್ಲ. ನೀರಿನೊಳಗಿನ ಸಸ್ಯಗಳು ಆಮ್ಲಜನಕ ಕೊಡುವುದನ್ನು ನಿಲ್ಲಿಸಿ ಕೊಳೆಯತೊಡಗುತ್ತವೆ, ಆ ಕೊಳೆಯುವಿಕೆ ಉಳಿದಿದ್ದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ನೀರಿನಲ್ಲಿ ಕರಗಿರುವ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸಿಗೆ ಇಳಿದಾಗ ವಾಲೈ ಸಾಯತೊಡಗುತ್ತದೆ. ಪರ್ಚ್ ಇನ್ನಷ್ಟು ಕಾಲ ತಾಳಿಕೊಳ್ಳುತ್ತದೆ, ಬುಲ್‌ಹೆಡ್ ಎಂಬ ಮೀಸೆಮೀನು ಅದಕ್ಕಿಂತಲೂ ಹೆಚ್ಚು. ಹೀಗಾಗಿ ಕಠಿಣ ಚಳಿಗಾಲದ ಮರುವರ್ಷ ವಾಲೈಗಾಗಿ ಹೋದವರು ಬುಲ್‌ಹೆಡ್ ತುಂಬಿಕೊಂಡು ಬರುವುದು ಇಲ್ಲಿ ಅಪರೂಪವಲ್ಲ.

ಇದೇ ಸಂಗತಿಗೆ ಇನ್ನೊಂದು ಮುಖವಿದೆ. ಮೀನು ಸತ್ತು ಖಾಲಿಯಾದ ಸರೋವರಕ್ಕೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಮೇ ತಿಂಗಳಲ್ಲಿ ಆಗಷ್ಟೇ ಮೊಟ್ಟೆಯೊಡೆದ ವಾಲೈ ಮರಿಗಳನ್ನು ಬಿಡುತ್ತದೆ. ತಿನ್ನುವ ಶತ್ರುಗಳೂ ಆಹಾರಕ್ಕೆ ಪೈಪೋಟಿ ನಡೆಸುವ ಮೀನುಗಳೂ ಕಡಿಮೆಯಿರುವ ಆ ನೀರಿನಲ್ಲಿ ಮರಿಗಳು ಭರದಿಂದ ಬೆಳೆಯುತ್ತವೆ. ಫಲವತ್ತಾದ ಈ ಸರೋವರಗಳಲ್ಲಿ ಸುಮಾರು ಮೂರು ವರ್ಷಕ್ಕೆ 14 ಇಂಚು ಮುಟ್ಟುವುದುಂಟು. ಆದ್ದರಿಂದ ಸರೋವರ ಆರಿಸುವಾಗ ಇಲಾಖೆಯ ಲೇಕ್‌ಫೈಂಡರ್ ಎಂಬ ಜಾಲತಾಣದಲ್ಲಿ ಆ ಸರೋವರದ ಹೆಸರು ಹುಡುಕಿ, ಯಾವ ವರ್ಷ ಎಷ್ಟು ಮರಿ ಬಿಟ್ಟಿದ್ದಾರೆ, ಕೊನೆಯ ಸಮೀಕ್ಷೆಯ ಬಲೆಗೆ ಯಾವ ಗಾತ್ರದ ಮೀನು ಬಿದ್ದಿದೆ ಎಂಬುದನ್ನು ಓದಿಕೊಳ್ಳಬೇಕು. ಮೂರು ನಾಲ್ಕು ವರ್ಷದ ಹಿಂದೆ ಮರಿ ಬಿಟ್ಟು, ಆಮೇಲೆ ದೊಡ್ಡ ಮೀನುಸಾವು ಸಂಭವಿಸದ ಸರೋವರ ಸಿಕ್ಕರೆ ಅದೇ ಈ ವರ್ಷದ ಜಾಗ. ಆಳದ ನಕ್ಷೆಯೂ ಅಲ್ಲೇ ಸಿಗುತ್ತದೆ. ತೊರೆ ಬಂದು ಸೇರುವ ಬಾಯಿ, ನೀರು ಹೊರಹೋಗುವ ಕೋಡಿ, ರಸ್ತೆಯ ಕೆಳಗಿನ ಮೋರಿ, ಎರಡು ಭಾಗಗಳನ್ನು ಜೋಡಿಸುವ ಸೇತುವೆಯ ಇಕ್ಕಟ್ಟು, ಇವನ್ನು ಅದರಲ್ಲಿ ಗುರುತು ಮಾಡಿಟ್ಟುಕೊಳ್ಳಿ.

ಪರವಾನಗಿ ಮತ್ತು ನಿಯಮ

16 ವರ್ಷ ತುಂಬಿದವರಿಗೆ ಪರವಾನಗಿ ಬೇಕು. ವಾರ್ಷಿಕ ಪರವಾನಗಿ ಮಾರ್ಚ್ 1ರಿಂದ ಫೆಬ್ರವರಿ ಕೊನೆಯವರೆಗೆ ನಡೆಯುವುದರಿಂದ ಜನವರಿಯಲ್ಲಿ ಕೊಂಡರೆ ಲಾಭ ಕಡಿಮೆ. ನಿವಾಸಿಗಳ ದರ ಅನ್ವಯಿಸಲು ಪೌರತ್ವ ಬೇಕಿಲ್ಲ, ರಾಜ್ಯದಲ್ಲಿ ಸತತ 60 ದಿನ ನೆಲೆಸಿದ್ದರೆ ಸಾಕು. ನಿವಾಸಿಗಳಿಗೆ ಬಹುತೇಕ ರಾಜ್ಯ ಉದ್ಯಾನಗಳೊಳಗೆ ದಡದಿಂದ ಗಾಳ ಹಾಕಲು ಪರವಾನಗಿಯೂ ಬೇಕಾಗುವುದಿಲ್ಲ. ಶೆಟೆಕ್ ದಡದಲ್ಲಿ ಅಂಥದೊಂದು ಉದ್ಯಾನವಿದೆ, ಹೊಸಬರು ಹವ್ಯಾಸವನ್ನು ಪರೀಕ್ಷಿಸಿ ನೋಡಲು ಇದು ಒಳ್ಳೆಯ ದಾರಿ. ಒಳನಾಡಿನ ನೀರಿನಲ್ಲಿ ವಾಲೈ ಋತು ಮೇ ತಿಂಗಳ ಎರಡನೇ ಶನಿವಾರದ ಆಸುಪಾಸಿನಲ್ಲಿ ತೆರೆದು ಫೆಬ್ರವರಿ ಕೊನೆಯ ಭಾನುವಾರ ಮುಚ್ಚುತ್ತದೆ. ಪರ್ಚ್‌ಗೆ ಮುಚ್ಚುವ ಋತುವೇ ಇಲ್ಲ. ದಿನಕ್ಕೆ ಎಷ್ಟು ಮೀನು, ಎಷ್ಟು ಉದ್ದದ್ದು ಎಂಬ ಮಿತಿಗಳು ಬದಲಾಗುತ್ತಿರುತ್ತವೆ, ಕೆಲವು ಸರೋವರಗಳಿಗೆ ಪ್ರತ್ಯೇಕ ನಿಯಮಗಳೂ ಇರುತ್ತವೆ. ಆದ್ದರಿಂದ ಆ ವರ್ಷದ ನಿಯಮ ಪುಸ್ತಿಕೆಯನ್ನೇ ನೋಡಬೇಕು. ಪರಿಚಯದವರ ಮಾತು ನಂಬಿ ಹೋಗಬಾರದು. ತೆರೆದ ನೀರಿನಲ್ಲಿ ಒಬ್ಬರಿಗೆ ಒಂದೇ ದಾರ, ಮಂಜುಗಡ್ಡೆಯ ಮೇಲೆ ಎರಡು.

ಎರಡು ಮೀನು, ಎರಡು ಪಾಳಿ

ವಾಲೈ ಮತ್ತು ಪರ್ಚ್ ಒಂದೇ ಕುಟುಂಬದವು, ಆದರೆ ದಾಯಾದಿಗಳಂತೆ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದು. ವಾಲೈ ಕಣ್ಣಿನ ಹಿಂಪದರದಲ್ಲಿ ಬೆಳಕನ್ನು ಮರಳಿ ಚೆಲ್ಲುವ ಪೊರೆ ಇದೆ. ಕತ್ತಲಲ್ಲಿ ದೀಪ ಬಿದ್ದರೆ ಕಣ್ಣು ಹೊಳೆಯುವುದು ಇದರಿಂದಲೇ. ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ, ಕದಡಿದ ನೀರಿನಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಪರ್ಚ್‌ಗೆ ಆ ಪೊರೆ ಇಲ್ಲ. ಅದು ಹಗಲಿನಲ್ಲಿ ಹಿಂಡುಗಟ್ಟಿ ಮೇಯ್ದು, ಕತ್ತಲಾದೊಡನೆ ತಳ ಸೇರಿ ಅಲುಗಾಡದೆ ಕುಳಿತುಬಿಡುತ್ತದೆ. ಪರ್ಚ್‌ಗೆ ಕಣ್ಣು ಮಸುಕಾಗುವ ಹೊತ್ತೇ ವಾಲೈಗೆ ಊಟದ ಹೊತ್ತು, ಮತ್ತು ಆ ಊಟದಲ್ಲಿ ಪರ್ಚ್ ಮರಿಗಳದೇ ದೊಡ್ಡ ಪಾಲು.

ಇದನ್ನು ಅರಿತವರು ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹೋಗಿ ಮೊದಲು ಪರ್ಚ್ ಹಿಂಡನ್ನು ಹುಡುಕುತ್ತಾರೆ. ಸೂರ್ಯ ಮುಳುಗುತ್ತಿದ್ದಂತೆ ಪರ್ಚ್ ಕಚ್ಚುವುದು ಥಟ್ಟನೆ ನಿಂತಾಗ ಹೊಸಬರು ಸಾಮಾನು ಕಟ್ಟಿಕೊಂಡು ಹೊರಡುತ್ತಾರೆ. ಹೊರಡಬಾರದು. ಅದೇ ಜಾಗದಲ್ಲಿ ಸಣ್ಣ ಗಾಳ ಬಿಚ್ಚಿ ದೊಡ್ಡ ಎರೆ ಕಟ್ಟಿ, ಇನ್ನೊಂದು ಒಂದೂವರೆ ಗಂಟೆ ಕಾಯಬೇಕು.

ಸಲಕರಣೆ

ಆರೂವರೆಯಿಂದ ಏಳು ಅಡಿ ಉದ್ದದ, ತುದಿ ಚೆನ್ನಾಗಿ ಬಾಗುವ ಹಗುರ ಕೋಲು, ಅದಕ್ಕೆ ಹೊಂದುವ, ದಾರ ಸುತ್ತುವ ಸ್ಪಿನ್ನಿಂಗ್ ರೀಲ್, 6 ಪೌಂಡು ಭಾರ ತಡೆಯುವ ದಾರ, ಇಷ್ಟರಲ್ಲಿ ಎರಡೂ ಮೀನಿನ ಕೆಲಸ ಆಗುತ್ತದೆ. ಆಳವಿಲ್ಲದ ನೀರಿನಲ್ಲಿ ಭಾರದ ತೂಕ ಬೇಡ. 1/16 ಔನ್ಸಿನ ಜಿಗ್ (ತಲೆಯಲ್ಲೇ ತೂಕ ಕೂಡಿಸಿದ ಗಾಳ) ಸಾಮಾನ್ಯ ದಿನಗಳಿಗೆ, 1/8 ಔನ್ಸಿನದು ಗಾಳಿಯ ದಿನಕ್ಕೆ, 1/32 ಔನ್ಸಿನದು ಪರ್ಚ್‌ಗೆ. ತೂಕದ ಗುಂಡುಗಳನ್ನು ಸೀಸದ ಬದಲು ತವರ ಅಥವಾ ಟಂಗ್‌ಸ್ಟನ್‌ನಲ್ಲಿ ಕೊಳ್ಳುವುದು ಉತ್ತಮ, ಏಕೆಂದರೆ ಕಳಚಿಬಿದ್ದ ಸೀಸವನ್ನು ನುಂಗಿ ರಾಜ್ಯಪಕ್ಷಿಯಾದ ಲೂನ್ ಸಾಯುತ್ತದೆ.

ಬೆಂಡಿನ ವಿಷಯದಲ್ಲಿ ಸ್ವಲ್ಪ ವಿವರ ಅಗತ್ಯ. ನಾಲ್ಕೈದು ಅಡಿ ನೀರಿನವರೆಗೆ ದಾರಕ್ಕೆ ಸಿಕ್ಕಿಸುವ ಸಾಧಾರಣ ಬೆಂಡೇ ಸಾಕು. ಅದಕ್ಕೂ ಆಳವಾದರೆ ಬೆಂಡಿನ ಕೆಳಗೆ ಜೋಲುವ ದಾರ ಕೋಲಿನಷ್ಟೇ ಉದ್ದವಾಗಿ ಬೀಸಿ ಎಸೆಯುವುದು ಕಷ್ಟವಾಗುತ್ತದೆ. ಆಗ ದಾರದ ಮೇಲೆ ಜಾರುವ ಸ್ಲಿಪ್ ಬಾಬರ್ ಬಳಸಿ, ಬೇಕಾದ ಆಳದಲ್ಲಿ ಬೆಂಡು ತಡೆದು ನಿಲ್ಲುವಂತೆ ದಾರಕ್ಕೊಂದು ಗಂಟು ಹಾಕಬೇಕು. ಬೆಂಡು ತೆಳ್ಳಗಿರಲಿ. ಬುಗುರಿಯಂಥ ದಪ್ಪ ಬೆಂಡನ್ನು ಎಳೆಯುವಾಗ ತಡೆ ಹೆಚ್ಚಿದಂತೆ ಅನಿಸಿ ಪರ್ಚ್ ಎರೆ ಉಗುಳಿಬಿಡುತ್ತದೆ. ಎರೆ ತಳದಿಂದ ಒಂದು ಅಡಿ ಮೇಲೆ ನಿಲ್ಲುವಂತೆ ಅಳತೆ ಇಡಿ. ತಳಕ್ಕೆ ತಾಗಿಸಿದರೆ ಬುಲ್‌ಹೆಡ್‌ಗೆ ಔತಣ ಕೊಟ್ಟಂತೆ.

ಎರೆಗಳಲ್ಲಿ ವಸಂತಕಾಲಕ್ಕೆ ಸಣ್ಣ ಮಿನ್ನೋ ಮೀನು, ಜೂನ್ ನಂತರ ಜಿಗಣೆ, ವರ್ಷವಿಡೀ ಎರೆಹುಳು ನಡೆಯುತ್ತದೆ. ಜಿಗಣೆ ಎಂದೊಡನೆ ಮಲೆನಾಡಿನವರು ಹಿಂದೆ ಸರಿಯಬಹುದು. ಅಂಗಡಿಯಲ್ಲಿ ಮಾರುವ ರಿಬ್ಬನ್ ಜಿಗಣೆ ಕೈಗೆ ಅಂಟಿಕೊಳ್ಳುತ್ತದೆಯೇ ಹೊರತು ಮನುಷ್ಯರ ರಕ್ತ ಹೀರುವ ಜಾತಿಯದಲ್ಲ. ಅದರ ಅಗಲವಾದ ತುದಿಯಲ್ಲಿರುವ ಹೀರುಬಟ್ಟಲಿಗೆ 6ನೇ ನಂಬರಿನ ಗಾಳ ಚುಚ್ಚಿದರೆ ಬಹಳ ಹೊತ್ತು ನೀರಿನಲ್ಲಿ ಬಳುಕುತ್ತಿರುತ್ತದೆ. ಮಿನ್ನೋವನ್ನು ಜಿಗ್‌ಗೆ ಕಟ್ಟುವಾಗ ಬಾಯಿಯಿಂದ ಒಳಹೊಗಿಸಿ ತಲೆಯ ಮೇಲೆ ತೆಗೆಯಬೇಕು. ಬೆಂಡಿನ ಕೆಳಗಾದರೆ ಬೆನ್ನಿನ ರೆಕ್ಕೆಯ ಹಿಂದೆ ತೆಳುವಾಗಿ ಚುಚ್ಚಬೇಕು. ಪರ್ಚ್‌ಗೆ 8ನೇ ನಂಬರಿನ ಗಾಳ, ಅದರ ಮೊನೆ ಮುಚ್ಚುವಷ್ಟು ಎರೆಹುಳುವಿನ ತುಂಡು ಸಾಕು. ಇಡೀ ಹುಳು ಜೋತುಬಿಟ್ಟರೆ ತುದಿಯನ್ನು ಕಚ್ಚಿ ಎಳೆದುಕೊಂಡು ಹೋಗುತ್ತದೆ.

ವಸಂತ: ಋತು ತೆರೆದ ಮೊದಲ ವಾರಗಳು

ಮಂಜುಗಡ್ಡೆ ಕರಗಿದ ಕೆಲವು ದಿನಗಳಲ್ಲಿ, ನೀರು ಸುಮಾರು 6ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವಾಗ, ವಾಲೈ ಜಲ್ಲಿಕಲ್ಲಿನ ದಡಗಳಲ್ಲಿ ಮತ್ತು ತೊರೆಯ ಬಾಯಿಯಲ್ಲಿ ಮೊಟ್ಟೆ ಇಡುತ್ತದೆ. ಅದಾದ ಮೇಲೆ ಪರ್ಚ್ ಬಂದು ಹಳೆಯ ಜೊಂಡಿಗೂ ಮುಳುಗಿದ ಕೊಂಬೆಗಳಿಗೂ ಅಂಟಿನ ಉದ್ದನೆಯ ಪಟ್ಟಿಯಂತೆ ಮೊಟ್ಟೆಯ ಸರ ಸುತ್ತುತ್ತದೆ. ಆಳವಿಲ್ಲದ ನೀರು ಬೇಗ ಬೆಚ್ಚಗಾಗುವುದರಿಂದ ಋತು ತೆರೆಯುವ ಹೊತ್ತಿಗೆ ಇಲ್ಲಿನ ವಾಲೈ ಮೊಟ್ಟೆಯಿಟ್ಟು ಚೇತರಿಸಿಕೊಂಡು ಹಸಿದಿರುತ್ತದೆ, ಉತ್ತರದ ಆಳದ ಸರೋವರಗಳಲ್ಲಿ ಇನ್ನೂ ಮಂಕಾಗಿರುವಾಗಲೇ. ಮೇ ತಿಂಗಳ ಈ ಎರಡು ಮೂರು ವಾರಗಳೇ ಸಣ್ಣ ಸರೋವರಕ್ಕೆ ವರ್ಷದ ಶ್ರೇಷ್ಠ ಕಾಲ.

ಮೋರಿ, ಸೇತುವೆ ಮತ್ತು ತೊರೆಯ ಬಾಯಿಯಲ್ಲಿ ನೀರು ಹರಿಯುತ್ತಿದ್ದರೆ ಅಲ್ಲಿಂದಲೇ ಆರಂಭಿಸಿ. ಹರಿವಿಗೆ ಅಡ್ಡಲಾಗಿ ಜಿಗ್ ಎಸೆದು, ಅದು ತಳ ಸವರುತ್ತ ಕೆಳಗೆ ಸಾಗುವಂತೆ ನಿಧಾನವಾಗಿ ದಾರ ಸುತ್ತಿಕೊಳ್ಳಿ. ವಾಲೈ ಸೆಳೆದುಕೊಂಡು ಓಡುವುದು ಕಡಿಮೆ. ದಾರಕ್ಕೆ ಒದ್ದೆ ಬಟ್ಟೆ ಸಿಕ್ಕಿದಂಥ ಭಾರ ತಿಳಿಯುತ್ತದೆ, ಇಲ್ಲವೇ ಟಕ್ಕೆಂದು ಒಂದೇ ತಟ್ಟು. ಆಗ ಕೋಲಿನ ತುದಿಯನ್ನು ಮೀನಿನ ಕಡೆಗೆ ತುಸು ಬಾಗಿಸಿ, ದಾರ ಬಿಗಿಯಾದೊಡನೆ ಮೇಲೆತ್ತಬೇಕು. ಬೆಂಡಾದರೆ, ಪರ್ಚ್ ಕಚ್ಚಿದಾಗ ಅದು ನಡುಗುತ್ತ ಕುಣಿಯುತ್ತದೆ, ವಾಲೈ ಕಚ್ಚಿದಾಗ ಓರೆಯಾಗಿ ಜಾರುತ್ತ ಮುಳುಗುತ್ತದೆ. ಓರೆಯಾಗಿ ಹೋದ ಬೆಂಡಿಗೆ ಎರಡು ಮೂರು ಸೆಕೆಂಡು ಬಿಟ್ಟು ಎಳೆಯಿರಿ.

ಬೇಸಿಗೆ: ಗಾಳಿ ಬೀಸುವ ದಡ

ಗಾಳಿ ಯಾವ ದಡಕ್ಕೆ ಬಂದು ಬಡಿಯುತ್ತದೆಯೋ ಆ ದಡದಲ್ಲಿ ನಿಲ್ಲಬೇಕೆಂಬುದು ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಎಸೆದ ಗಾಳ ಮುಖಕ್ಕೆ ಮರಳುತ್ತದೆ, ದೋಣಿ ನಿಲ್ಲುವುದಿಲ್ಲ, ಕಣ್ಣಿಗೆ ನೀರು ಸಿಡಿಯುತ್ತದೆ ಎಂದು ಬಹುಮಂದಿ ಎದುರು ದಡದ ಮರದ ಮರೆಗೆ ಹೋಗಿ ಕೂರುತ್ತಾರೆ. ಆದರೆ ಒಂದೆರಡು ದಿನ ಒಂದೇ ದಿಕ್ಕಿನಿಂದ ಬೀಸಿದ ಗಾಳಿ ತೇಲುವ ಸೂಕ್ಷ್ಮಜೀವಿಗಳನ್ನೂ ಅವುಗಳ ಹಿಂದೆ ಸಣ್ಣ ಮೀನುಗಳನ್ನೂ ಬಡಿಯುವ ದಡಕ್ಕೆ ತಂದು ಸೇರಿಸುತ್ತದೆ. ಅಲೆಗಳು ತಳದ ಕೆಸರನ್ನೆಬ್ಬಿಸಿ ಬೆಳಕು ತಗ್ಗಿಸುತ್ತವೆ. ಬೆಳಕು ತಗ್ಗಿದೊಡನೆ ನಡುಹಗಲಲ್ಲೂ ವಾಲೈ ಎರಡು ಮೂರು ಅಡಿ ನೀರಿಗೆ ಬಂದು ಮೇಯುತ್ತದೆ. ಅಲ್ಲಿ ಕಲ್ಲುಗಳಿದ್ದರೆ ಇನ್ನೂ ಒಳ್ಳೆಯದು. ತೇಲುವ ಕೃತಕ ಮೀನನ್ನು ನಿಧಾನವಾಗಿ ಎಳೆಯಿರಿ, ಇಲ್ಲವೇ ಬೆಂಡಿಗೆ ಜಿಗಣೆ ಕಟ್ಟಿ ಅಲೆಯ ಮೇಲೆ ಕುಣಿಯಲು ಬಿಡಿ. ಸಣ್ಣ ಸರೋವರದಲ್ಲಿ ಅಲೆಗಳು ಕುಳ್ಳಗಿದ್ದರೂ ಕಡಿದಾಗಿ ಒಂದರ ಹಿಂದೊಂದು ಬರುತ್ತವೆ, ಸಣ್ಣ ದೋಣಿಗೆ ನೀರು ತುಂಬಲು ಹೊತ್ತು ಬೇಡ. ಜೀವರಕ್ಷಕ ಜಾಕೆಟ್ ದೋಣಿಯಲ್ಲಿ ಇರುವುದಷ್ಟೇ ಅಲ್ಲ, ಮೈಮೇಲೆ ಇರಲಿ.

ಗಾಳಿಯಿಲ್ಲದ ದಿನ ಜಲಸಸ್ಯಗಳ ಹೊರಅಂಚನ್ನು ಹಿಡಿದು ಸಾಗಬೇಕು. ಆಳದ ಸರೋವರದಲ್ಲಿ ಐದು ಅಡಿಯ ಇಳಿಜಾರು ಮಾಡುವ ಕೆಲಸವನ್ನು ಇಲ್ಲಿ ಒಂದು ಅಡಿಯ ತಗ್ಗೋ, ಜೊಂಡಿನ ಗೋಡೆಯಲ್ಲಿನ ಒಂದು ಸಂದೋ ಮಾಡುತ್ತದೆ. ಪರ್ಚ್ ಹಿಂಡುಗಳು ಈ ಅಂಚಿನುದ್ದಕ್ಕೂ ಓಡಾಡುತ್ತಿರುತ್ತವೆ. ಒಂದು ಹಿಂಡಿನ ಪರ್ಚ್‌ಗಳು ಹೆಚ್ಚುಕಡಿಮೆ ಒಂದೇ ಗಾತ್ರದವಾದ್ದರಿಂದ ಮೊದಲ ನಾಲ್ಕೈದು ಮೀನು ಬೆರಳುದ್ದದವಾದರೆ ಅಲ್ಲೇ ಕುಳಿತು ದೊಡ್ಡದಕ್ಕೆ ಕಾಯುವುದು ವ್ಯರ್ಥ, ಜಾಗ ಬದಲಿಸಬೇಕು. ದೋಣಿಯವರು ಮೋಟಾರನ್ನು ದೂರದಲ್ಲೇ ನಿಲ್ಲಿಸಿ, ಲಂಗರನ್ನು ಎಸೆಯದೆ ಕೈಯಿಂದ ಇಳಿಸಿ, ಹತ್ತು ನಿಮಿಷ ಸುಮ್ಮನಿರಬೇಕು. ನಾಲ್ಕಡಿ ನೀರಿನಲ್ಲಿ ಅಲ್ಯುಮಿನಿಯಂ ದೋಣಿಯೊಳಗೆ ಡಬ್ಬಿ ಬಿದ್ದ ಸದ್ದಿಗೆ ಹಿಂಡೇ ಚದುರುತ್ತದೆ.

ಜುಲೈ ಮತ್ತು ಆಗಸ್ಟ್‌ನಲ್ಲಿ ನೀರು ಹಸಿರು ಬಣ್ಣ ಬಳಿದಂತೆ ಪಾಚಿಗಟ್ಟುವುದುಂಟು. ನೀಲಿಹಸಿರು ಪಾಚಿಯಲ್ಲಿ ವಿಷವಿರಬಹುದಾದ್ದರಿಂದ ಮಕ್ಕಳನ್ನೂ ನಾಯಿಯನ್ನೂ ಅಂಥ ನೀರಿಗೆ ಇಳಿಸಬೇಡಿ. ಆ ವಾರಗಳಲ್ಲಿ ನಸುಕು ಮತ್ತು ರಾತ್ರಿ ಬಿಟ್ಟರೆ ಉಳಿದ ಹೊತ್ತು ವಾಲೈ ಆಸೆ ಬಿಡುವುದೇ ಲೇಸು. ನೀರು ಬಿಸಿಯಾಗಿರುವಾಗ ಹಿಡಿದು ಬಿಟ್ಟ ವಾಲೈ ಬದುಕುವುದು ಕಷ್ಟ. ಮನೆಗೆ ಬೇಕಾದಷ್ಟು ಸಿಕ್ಕ ಮೇಲೆ ಮೋಜಿಗಾಗಿ ಹಿಡಿದು ಬಿಡುತ್ತ ಹೋಗಬಾರದು.

ಸೆಪ್ಟೆಂಬರಿನಲ್ಲಿ ನೀರು ತಣ್ಣಗಾಗಿ ಸಸ್ಯಗಳು ಬಾಡತೊಡಗಿದಾಗ ಇನ್ನೂ ಹಸಿರಾಗಿ ಉಳಿದ ತೇಪೆಗಳಲ್ಲಿ ಮೀನು ಸೇರುತ್ತದೆ. ಆಗ ಮತ್ತೆ ಮಿನ್ನೋಗೆ ಮರಳಿ, ವಸಂತದ ಜಾಗಗಳನ್ನೇ ನೋಡಬಹುದು.

ಮಂಜುಗಡ್ಡೆಯ ಮೇಲೆ

ಆಳವಿಲ್ಲದ ನೀರು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತದೆ, ಆರಂಭದಲ್ಲಿ ಆಮ್ಲಜನಕವೂ ಚೆನ್ನಾಗಿರುತ್ತದೆ. ಆದ್ದರಿಂದ ಮಂಜುಗಡ್ಡೆಯ ಮೊದಲ ಮೂರು ನಾಲ್ಕು ವಾರ ಉತ್ತಮ. ಫೆಬ್ರವರಿಯ ಹೊತ್ತಿಗೆ ಮೀನು ಮಂಕಾಗುತ್ತದೆ. ನಡೆದು ಹೋಗಲು ಕನಿಷ್ಠ 4 ಇಂಚು ದಪ್ಪದ ತಿಳಿಯಾದ ಹೊಸ ಮಂಜುಗಡ್ಡೆ ಇರಬೇಕೆಂದು ಇಲಾಖೆ ಹೇಳುತ್ತದೆ. ಹಾಲಿನಂತೆ ಬೆಳ್ಳಗಿರುವ ಗಡ್ಡೆಯಾದರೆ ಅದರ ಎರಡರಷ್ಟು. ಮೊದಲ ಬಾರಿಗೆ ಹೋಗುವವರು ಒಬ್ಬರೇ ಹೋಗಬಾರದು. ಕಬ್ಬಿಣದ ಹಾರೆಯಿಂದ ಕುಟ್ಟಿ ನೋಡುತ್ತ ಮುಂದೆ ಹೆಜ್ಜೆಯಿಡಬೇಕು, ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೆ ಬರಲು ಹಿಡಿಮೊಳೆಗಳ ಜೋಡಿ ಕೊರಳಲ್ಲಿ ತೂಗುತ್ತಿರಬೇಕು. ಮೀನುಸಾವು ತಡೆಯಲು ಕೆಲವು ಸರೋವರಗಳಲ್ಲಿ ಚಳಿಗಾಲವಿಡೀ ನೀರಿಗೆ ಗಾಳಿ ಊದುವ ಯಂತ್ರ ನಡೆಸುತ್ತಾರೆ. ಅದರ ಸುತ್ತ ಗಡ್ಡೆ ತೆಳ್ಳಗಿರುವುದರಿಂದ ಎಚ್ಚರಿಕೆ ಫಲಕ ಕಂಡಲ್ಲಿಂದ ದೂರವಿರಿ. ಡೇರೆಯೊಳಗೆ ಒಲೆ ಹಚ್ಚಿದರೆ ಗಾಳಿಕಿಂಡಿ ತೆರೆದಿರಬೇಕು.

ಆರು ಅಡಿ ನೀರಿನಲ್ಲಿ, ಶಬ್ದದ ಅಲೆಗಳಿಂದ ಮೀನು ತೋರಿಸುವ 20 ಡಿಗ್ರಿ ಕೋನದ ಸೋನಾರ್ ಯಂತ್ರ ತಳದಲ್ಲಿ ಸುಮಾರು ಎರಡು ಅಡಿ ಅಗಲವನ್ನಷ್ಟೇ ನೋಡಬಲ್ಲದು. ಹಾಗಾಗಿ ಯಂತ್ರದ ಪರದೆಯನ್ನೇ ದಿಟ್ಟಿಸುತ್ತ ಒಂದೇ ತೂತಿನ ಬಳಿ ಕೂರುವುದಕ್ಕಿಂತ, ಸಸ್ಯದ ಅಂಚಿನಿಂದ ನಡುನೀರಿನ ಕಡೆಗೆ ಸಾಲಾಗಿ ಏಳೆಂಟು ತೂತು ಕೊರೆದು, ಸದ್ದು ಅಡಗಿದ ಮೇಲೆ ಒಂದೊಂದರಲ್ಲೂ ಹತ್ತು ನಿಮಿಷ ನೋಡುವುದು ಫಲ ಕೊಡುತ್ತದೆ. ಸುತ್ತಲಿನ ಹಿಮವನ್ನು ಕೆರೆದು ತೆಗೆಯಬೇಡಿ. ಬೆಳಕು ಇಳಿದು ನಿಮ್ಮ ನೆರಳಿಗೆ ಮೀನು ಬೆದರುತ್ತದೆ. ಹಗಲಿಗೆ ಟಂಗ್‌ಸ್ಟನ್ ಜಿಗ್‌ಗೆ ಮೇಣದ ಹುಳು (ಒಂದು ಬಗೆಯ ಪತಂಗದ ಮರಿಹುಳು) ಸಿಕ್ಕಿಸಿ ಪರ್ಚ್ ಹಿಡಿಯಿರಿ. ಸಂಜೆಗೆ ಒಂದು ದಾರದಲ್ಲಿ ಚಮಚದಾಕಾರದ ಹೊಳೆಯುವ ಲೋಹದ ಗಾಳಕ್ಕೆ ಮಿನ್ನೋ ತಲೆ ಸಿಕ್ಕಿಸಿ ಆಡಿಸುತ್ತ, ಇನ್ನೊಂದರಲ್ಲಿ ಜೀವಂತ ಮಿನ್ನೋ ಬಿಟ್ಟಿರಿ.

ದಡಕ್ಕೆ ಬಂದ ಮೇಲೆ

ವಾಲೈ ಬಾಯಿಗೆ ಬೆರಳಿಡಬೇಡಿ, ಹಲ್ಲುಗಳಿವೆ; ಕಿವಿರಿನ ಮುಚ್ಚಳದ ಅಂಚೂ ಹರಿತ. ಪರ್ಚ್ ಬೆನ್ನಿನ ಮುಳ್ಳುಗಳನ್ನು ತಲೆಯಿಂದ ಬಾಲದ ಕಡೆಗೆ ಅಂಗೈಯಿಂದ ಸವರಿ ಮಡಚಿ ಹಿಡಿಯಬೇಕು. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಮೀನನ್ನು ಸರಕ್ಕೆ ಪೋಣಿಸಿ ಇಳಿಬಿಟ್ಟರೆ ಸತ್ತು ಮೆತ್ತಗಾಗುತ್ತದೆ. ಹಿಡಿದೊಡನೆ ಐಸ್ ಪೆಟ್ಟಿಗೆಗೆ ಹಾಕಿ. ಹೊರಡುವ ಮುನ್ನ ದೋಣಿಯ ತಳದ ಬಿರಡೆ ತೆಗೆದು ನೀರೆಲ್ಲ ಬಸಿಯಬೇಕು, ಅಂಟಿದ ಸಸ್ಯ ಕಿತ್ತುಹಾಕಬೇಕು, ಉಳಿದ ಮಿನ್ನೋ ಮನೆಗೆ ಬೇಕಿದ್ದರೆ ಸರೋವರದ ನೀರು ಚೆಲ್ಲಿ ನಲ್ಲಿನೀರು ತುಂಬಬೇಕು, ಬೇಡವಾದರೆ ಕಸದ ಬುಟ್ಟಿಗೆ ಹಾಕಬೇಕು. ಜೀಬ್ರಾ ಮಸಲ್‌ನಂಥ ಹೊರಗಿನ ಜೀವಿಗಳು ಸರೋವರದಿಂದ ಸರೋವರಕ್ಕೆ ಹರಡದಿರಲೆಂದು ಇರುವ ಈ ನಿಯಮ ಮೀರಿದರೆ ದಂಡ ಬೀಳುತ್ತದೆ.

ಕೊಯ್ಯುವಾಗ ಪರ್ಚ್ ಮಾಂಸದಲ್ಲಿ ಅಕ್ಕಿಕಾಳಿನಷ್ಟು ಹಳದಿ ಹುಳುಗಳು ಕಂಡರೆ ಹೌಹಾರಬೇಕಿಲ್ಲ. ಬಸವನಹುಳು ಮತ್ತು ಬಕಪಕ್ಷಿಗಳಿರುವ ಆಳವಿಲ್ಲದ ನೀರಿನಲ್ಲಿ ಈ ಪರಾವಲಂಬಿ ಸಾಮಾನ್ಯ. ಚಾಕುವಿನ ಮೊನೆಯಿಂದ ತೆಗೆದು ಚೆನ್ನಾಗಿ ಬೇಯಿಸಿದರೆ ಅಪಾಯವಿಲ್ಲ. ದೊಡ್ಡ ವಾಲೈಯಲ್ಲಿ ಪಾದರಸ ಹೆಚ್ಚು ಸೇರಿರುವುದರಿಂದ ಗರ್ಭಿಣಿಯರೂ ಮಕ್ಕಳೂ ಎಷ್ಟು ತಿನ್ನಬಹುದು ಎಂಬುದಕ್ಕೆ ರಾಜ್ಯದ ಆರೋಗ್ಯ ಇಲಾಖೆ ಕೊಡುವ ಪಟ್ಟಿ ನೋಡಿ. ಊಟಕ್ಕೆ 14ರಿಂದ 17 ಇಂಚಿನ ವಾಲೈ, 9 ಇಂಚಿನ ಪರ್ಚ್ ರುಚಿಗೂ ಸರಿ, ಸರೋವರಕ್ಕೂ ಸರಿ. ಎರಡರದೂ ಬಿಳಿಯ, ಕೆಸರುವಾಸನೆ ಕಡಿಮೆಯಿರುವ ಮಾಂಸ. ಕರಾವಳಿಯವರು ಮೆಣಸು, ಹುಣಸೆ, ಉಪ್ಪು ಅರೆದು ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿಯಬಹುದು. ಪರ್ಚ್ ತುಂಡು ತೆಳುವಾದ್ದರಿಂದ ಬಂಗುಡೆಗೆ ಇಡುವಷ್ಟು ಹೊತ್ತು ಇಟ್ಟರೆ ಒಣಗುತ್ತದೆ. ಪ್ರತಿ ಮಗ್ಗುಲಿಗೆ ಎರಡು ನಿಮಿಷ ಸಾಕು.